ಕ್ಯಾನ್ಸಲ್ ನೀವು ಒತ್ತಬೇಡಿ, ಮೊದಲು ಅವನಿಂದ ಬರೆಸಿಕೊಳ್ಳಿ

ಕೋಲಾರದ ಅಂತರಗಂಗೆ ಬೆಟ್ಟದ ಬುಡದಲ್ಲಿ ನಿಮ್ಮ ಹೋಂಸ್ಟೇ. ಶನಿವಾರ ರಾತ್ರಿಗೆ ಇಬ್ಬರ ಹೆಸರಲ್ಲಿ ಬುಕಿಂಗ್, ಅವತ್ತೇ ತೆರೆದ ಖಾತೆ, ಫೋಟೊ ಇಲ್ಲ, ಫೋನಿನಲ್ಲಿ ಒಂದೊಂದು ಸಲ ಒಂದೊಂದು ಮಾತು. ಬುಕಿಂಗ್ ಆ್ಯಪಿನ ಸಪೋರ್ಟ್‌ನವರು ಮೂರು ದಿನದಿಂದ ಒಂದೇ ಉತ್ತರ ಅಂಟಿಸುತ್ತಿದ್ದಾರೆ, ನಾನೇ ಕ್ಯಾನ್ಸಲ್ ಮಾಡಲಾ, ಕಾಯಲಾ ಅಂತ ಕೇಳಿದ್ದೀರಿ. ಓದುತ್ತಾ ಓದುತ್ತಾ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು. ಎರಡು ವರ್ಷದ ಹಿಂದೆ ನನಗೂ ಅಕ್ಷರಶಃ ಹೀಗೇ ಆಗಿತ್ತು.

ನಮ್ಮದು ಚಿಕ್ಕಬಳ್ಳಾಪುರದ ಹತ್ತಿರ, ನಂದಿ ಬೆಟ್ಟದ ತಪ್ಪಲು. ಮಾವನ ಕಾಲದ ದ್ರಾಕ್ಷಿ ತೋಟ, ತೋಟದ ಅಂಚಿಗೆ ಎರಡು ಕೋಣೆಯ ಮನೆ. 2023ರ ಜನವರಿಯಲ್ಲಿ ಆವಲಗುರ್ಕಿಯಲ್ಲಿ 112 ಅಡಿಯ ಆದಿಯೋಗಿ ಪ್ರತಿಮೆ ಬಂದ ಮೇಲೆ ಬೆಂಗಳೂರಿನ ಕಾರುಗಳು ಹೆಚ್ಚಾದವು. ಖಾಲಿ ಬಿದ್ದ ಮನೆಗೆ ಸುಣ್ಣ ಬಳಿದು, ಗೀಸರ್ ಹಾಕಿಸಿ, ಒಂದು ಆ್ಯಪಿನಲ್ಲಿ ಹಾಕಿದೆವು. ಬಂದವರೆಲ್ಲ ಒಳ್ಳೆಯವರೇ. ಬೆಳಗಿನ ಜಾವ ಬೆಟ್ಟಕ್ಕೆ ಹೋಗಿ ಮಂಜು ನೋಡಿಕೊಂಡು ಬಂದು, ಅತ್ತೆ ಮಾಡಿದ ತಿಂಡಿ ತಿಂದು ಹೊರಡುತ್ತಿದ್ದರು.

ಆ ವರ್ಷ ಡಿಸೆಂಬರ್ 31ಕ್ಕೆ ಬುಕಿಂಗ್ ಬಂತು. ಹೊಸ ವರ್ಷದ ರಾತ್ರಿ ನಂದಿ ಬೆಟ್ಟಕ್ಕೆ ಪ್ರವೇಶ ಬಂದ್ ಮಾಡುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಮೇಲೆ ಹೋಗಲಾಗದವರು ಕೆಳಗಿನ ತೋಟದ ಮನೆಗಳನ್ನು ಹುಡುಕುತ್ತಾರೆ. ಅಷ್ಟು ಗೊತ್ತಿದ್ದ ನಾನು ಎಚ್ಚರವಾಗಿರಬೇಕಿತ್ತು. ಇಬ್ಬರು, ಒಂದು ರಾತ್ರಿ, ಹೊಸ ಖಾತೆ. ಆ್ಯಪಿನಲ್ಲಿ ಅವನು ಕಳಿಸಿದ್ದು ಒಂದೇ ಸಾಲು: ‘ಅಕ್ಕಾ, ಒಂದ್ಸಲ ಕಾಲ್ ಮಾಡಿ.’

ನಾನು ಕಾಲ್ ಮಾಡಿದೆ. ನನ್ನ ತಪ್ಪು ಅದೇ. ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಕಡೆ ವ್ಯವಹಾರ ನಡೆಯುವುದೇ ಬಾಯಿಮಾತಿನಲ್ಲಿ. ದ್ರಾಕ್ಷಿ ವ್ಯಾಪಾರಿ ತೋಟಕ್ಕೆ ಬಂದು ಗೊನೆ ನೋಡಿ, ಬದುವಿನ ಮೇಲೆ ನಿಂತು ರೇಟು ಹೇಳುತ್ತಾನೆ, ಮಾವ ಹೂಂ ಅಂದರೆ ಮುಗಿಯಿತು. ಬರೆದುಕೊಡು ಅಂತ ಕೇಳಿದರೆ ಅವಮಾನ ಮಾಡಿದ ಹಾಗೆ. ನಾನೂ ಅದೇ ಅಭ್ಯಾಸದಲ್ಲಿ ಬೆಳೆದವಳು. ಹನ್ನೆರಡು ನಿಮಿಷ ಮಾತಾಡಿದೆವು. ಪಕ್ಕದ ಮನೆ ಎಷ್ಟು ದೂರ, ಎಷ್ಟು ಕಾರು ನಿಲ್ಲಿಸಬಹುದು, ಸ್ಪೀಕರ್ ಹಾಕಿದರೆ ಯಾರಾದರೂ ಕೇಳುತ್ತಾರಾ ಅಂತೆಲ್ಲ ಕೇಳಿದ. ‘ಬುಕ್ ಮಾಡಿರೋದು ನಾನಕ್ಕ, ಬರೋರು ನಮ್ಮ ಹುಡುಗ್ರು, ಒಂದು ಹದಿನೈದು ಜನ ಬಂದು ಹೋಗ್ತಾರೆ’ ಅಂದ. ನಾನು ಆಗಲ್ಲಪ್ಪ ಅಂದೆ. ‘ಸರಿ ಅಕ್ಕ, ಇಬ್ಬರೇ ಬರ್ತೀವಿ ಬಿಡಿ’ ಅಂತ ತಿರುಗಿಸಿದ. ಆಮೇಲೆ ವಾಟ್ಸ್‌ಆ್ಯಪಿನಲ್ಲಿ ಎರಡು ವಾಯ್ಸ್ ಮೆಸೇಜು, ಅದರಲ್ಲೂ ಜನರ ಲೆಕ್ಕ ಒಂದೊಂದು ಥರ.

ಭಯವಾಗಿ ಸಪೋರ್ಟ್‌ಗೆ ಹೋದೆ. ಚಾಟಿನಲ್ಲಿ ಸಿಕ್ಕವರು ಮರ್ಯಾದೆಯಿಂದಲೇ ಮಾತಾಡಿದರು. ಆ್ಯಪಿನ ಮೆಸೇಜಿನಲ್ಲಿ ಗೆಸ್ಟ್ ಹೀಗೆ ಹೇಳಿದ್ದು ಎಲ್ಲಿದೆ, ತೋರಿಸಿ ಅಂದರು. ಅಲ್ಲಿ ಇದ್ದದ್ದು ‘ಕಾಲ್ ಮಾಡಿ’ ಅನ್ನುವ ಒಂದು ಸಾಲು. ಅವನು ನನಗೆ ಹೇಳಿದ್ದೆಲ್ಲ ನಿಜ, ಆದರೆ ಸಪೋರ್ಟ್‌ನವರ ಪರದೆಯ ಮೇಲೆ ಅದರ ಒಂದಕ್ಷರವೂ ಇಲ್ಲ. ವಾಟ್ಸ್‌ಆ್ಯಪ್ ಆಡಿಯೊ ಕಳಿಸಿದರೆ, ಅದು ನಮ್ಮ ವ್ಯವಸ್ಥೆಯ ಹೊರಗಿನದು, ಪರಿಗಣಿಸಲಾಗದು ಅಂತ ಉತ್ತರ. ಅದು ಕನ್ನಡದಲ್ಲಿತ್ತು, ಕೇಳಿದರೂ ಅವರಿಗೆ ಅರ್ಥವಾಗುತ್ತಿರಲಿಲ್ಲ. ಪ್ರತಿ ಸಲ ಹೊಸ ಮನುಷ್ಯ, ಪ್ರತಿ ಸಲ ಮೊದಲಿಂದ ಕಥೆ.

29ನೇ ತಾರೀಕು ಫೋನ್ ಮಾಡಿದವರೊಬ್ಬರು ಹಿಂದಿಯಲ್ಲಿ, ನಿಮಗೆ ಮನಸ್ಸಿಲ್ಲದಿದ್ದರೆ ನೀವು ಕ್ಯಾನ್ಸಲ್ ಮಾಡಬಹುದು ಅಂದರು. ಮಾಡಿ, ಏನೂ ಆಗಲ್ಲ ಅಂದ ಹಾಗೆ ಕೇಳಿಸಿತು ನನಗೆ. ಅಲ್ಲೂ ಬಾಯಿಮಾತನ್ನೇ ನಂಬಿದೆ. ಇದನ್ನೇ ಚಾಟಿನಲ್ಲಿ ಬರೆದುಕೊಡಿ ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳದೆ ಬಟನ್ ಒತ್ತಿದೆ.

ಆ್ಯಪಿನ ಲೆಕ್ಕದಲ್ಲಿ ಅದು, ಮಾಲೀಕರೇ ಗೆಸ್ಟನ್ನು ಕೈಬಿಟ್ಟ ಬುಕಿಂಗ್ ಆಯಿತು. ಬಾಡಿಗೆಯ ಅರ್ಧದಷ್ಟು ದಂಡ, ಮುಂದಿನ ಪಾವತಿಯಲ್ಲಿ ಹಿಡಿದರು. ಅದಕ್ಕಿಂತ ದೊಡ್ಡದು, 31ನೇ ತಾರೀಕು ಕ್ಯಾಲೆಂಡರಿನಲ್ಲಿ ಮುಚ್ಚಿಹೋಯಿತು, ಬೇರೆಯವರು ಬುಕ್ ಮಾಡುವ ಹಾಗೇ ಇಲ್ಲ. ಹಿಂದೆ ಎರಡು ಸಲ ಬಂದಿದ್ದ ಮಲ್ಲೇಶ್ವರದ ಒಂದು ಕುಟುಂಬ ಅದೇ ದಿನ ಕೇಳಿತ್ತು, ಆಗಲೇ ಬುಕ್ ಆಗಿದೆ ಅಂತ ಕಳಿಸಿಬಿಟ್ಟಿದ್ದೆ. ಅವರು ಅಷ್ಟರಲ್ಲಿ ಬೇರೆ ಕಡೆ ಹೋಗಿದ್ದರು. ಯಾರಾದರೂ ಬಂದೇ ಬರುತ್ತಾರೆ ಅಂತ ಅತ್ತೆ ಸೊಗಡವರೆ ತರಿಸಿ, ನೆನೆಹಾಕಿ, ಕೂತು ಹಿಸುಕಿದ್ದರು. ವರ್ಷಕ್ಕೆಲ್ಲ ಒಳ್ಳೆಯ ದುಡ್ಡು ಬರುವ ರಾತ್ರಿ ಆ ಮನೆಯಲ್ಲಿ ದೀಪ ಹಚ್ಚಲಿಲ್ಲ. ಹಿತಕಿದ ಬೇಳೆ ಸಾರನ್ನು ನಾವೇ ಉಂಡೆವು. ನನಗೆ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

ದಂಡ ವಾಪಸ್ ಕೇಳಿದ್ದಕ್ಕೆ, ನಮ್ಮವರು ನಿಮಗಿರುವ ಆಯ್ಕೆ ತಿಳಿಸಿದ್ದಾರೆ ಅಷ್ಟೇ ಅಂತ ಬಂತು. ಆ ಮಾತು ಸುಳ್ಳಲ್ಲ.

ಅದಕ್ಕೇ ಹೇಳುತ್ತೇನೆ, ಕ್ಯಾನ್ಸಲ್ ಮಾಡಲಾ ಕಾಯಲಾ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಎರಡರಲ್ಲೂ ನಷ್ಟ ನಿಮ್ಮದೇ. ಈ ಬುಕಿಂಗ್ ಅನುಮಾನ ಬರುವ ಹಾಗಿದೆ ಅಂತ ಸಪೋರ್ಟ್‌ಗೆ ನೂರು ಸಲ ಬರೆದರೂ ಅದೇ ಉತ್ತರ ಬರುತ್ತದೆ, ಏಕೆಂದರೆ ಅನುಮಾನ ಪರೀಕ್ಷೆ ಮಾಡುವುದು ಅವರ ಕೆಲಸವಲ್ಲ. ನಿಯಮ ಮುರಿದಿದೆಯಾ ಅಂತ ನೋಡುತ್ತಾರೆ, ಅದೂ ಆ್ಯಪಿನೊಳಗೆ ಬರೆದಿದ್ದರೆ. ಹೊಸ ಖಾತೆ, ಫೋಟೊ ಇಲ್ಲ ಅನ್ನುವುದು ಯಾವ ನಿಯಮವನ್ನೂ ಮುರಿಯುವುದಿಲ್ಲ. ಇಬ್ಬರಿಗೆ ಬುಕ್ ಮಾಡಿ ಹದಿನೈದು ಜನ ಬರುವುದು ಮುರಿಯುತ್ತದೆ. ಆ ಮಾತನ್ನು ಅವನ ಬಾಯಿಂದಲ್ಲ, ಅವನ ಬೆರಳಿಂದ ಹೊರಡಿಸಬೇಕು.

ನಾನು ಇದನ್ನು ಮಾಡಿ ನೋಡಿದ್ದೇನೆ. ಮುಂದಿನ ಶಿವರಾತ್ರಿಗೆ, ನಂದಿಯಲ್ಲಿ ಭೋಗನಂದೀಶ್ವರನ ತೇರಿನ ಹೊತ್ತಿಗೆ ಇಂಥದ್ದೇ ಇನ್ನೊಂದು ಬಂತು. ಅವನೂ ಕಾಲ್ ಮಾಡಿ ಅಂದ. ನಾನು ಫೋನ್ ಮುಟ್ಟಲಿಲ್ಲ. ಆ್ಯಪಿನಲ್ಲೇ ಬರೆದೆ: ‘ನಮಸ್ಕಾರ. ರಾತ್ರಿ ಉಳಿಯುವವರು ಒಟ್ಟು ಎಷ್ಟು ಜನ? ಬುಕ್ ಮಾಡಿದ ನೀವೇ ಬರುತ್ತೀರಾ? ನಮ್ಮಲ್ಲಿ ಪಾರ್ಟಿ ಮತ್ತು ಹೊರಗಿನ ಸ್ಪೀಕರ್‌ಗೆ ಅವಕಾಶವಿಲ್ಲ, ಎಲ್ಲರ ಗುರುತಿನ ಚೀಟಿ ಬೇಕು. ಒಪ್ಪಿಗೆಯೇ, ದಯವಿಟ್ಟು ಇಲ್ಲೇ ತಿಳಿಸಿ.’ ಜಗಳದ ಧಾಟಿ ಇರಬಾರದು, ಸಪೋರ್ಟ್‌ನವರು ನಿಮ್ಮ ಮಾತನ್ನೂ ಓದುತ್ತಾರೆ. ಒಂದು ಗಂಟೆಯಲ್ಲಿ ಅವನೇ ಬರೆದ, ಒಂಬತ್ತು ಜನ ಇದ್ದೀವಿ, ಎಕ್ಸ್‌ಟ್ರಾ ದುಡ್ಡು ಕೈಗೆ ಕೊಡ್ತೀವಿ ಅಂತ. ಅಷ್ಟು ಸಿಕ್ಕಿದ್ದೇ ಸ್ಕ್ರೀನ್‌ಶಾಟ್ ಹಾಕಿ, ಮನೆಯ ನಿಯಮದ ಪುಟದ ಸಾಲನ್ನೂ ಜೊತೆಗಿಟ್ಟು ಸಪೋರ್ಟ್‌ಗೆ ಕಳಿಸಿದೆ. ಅನುಮಾನ ಅನ್ನುವ ಪದ ಎಲ್ಲೂ ಬಳಸಲಿಲ್ಲ. ನಿಯಮ ಮುರಿಯುತ್ತೇವೆ ಅಂತ ಗೆಸ್ಟ್ ಬರೆದಿದ್ದಾರೆ, ನಿಮ್ಮ ಕಡೆಯಿಂದ ಕ್ಯಾನ್ಸಲ್ ಮಾಡಿ, ನನಗೆ ದಂಡ ಇಲ್ಲ, ತಾರೀಕು ತೆರೆದಿರುತ್ತದೆ ಅಂತ ಇಲ್ಲೇ ಬರೆದು ಖಚಿತಪಡಿಸಿ ಅಂದೆ. ನಾಲ್ಕು ಗಂಟೆಯಲ್ಲಿ ಮುಗಿಯಿತು.

ಇಬ್ಬರೇ ಬರುತ್ತೇವೆ ಅಂತ ಬರೆದರೆ? ಒಳ್ಳೆಯದೇ. ಆಗ ಅದೇ ಅವನ ಒಪ್ಪಂದ. ಗುರುತಿಗೆ ಮಾಸ್ಕ್ಡ್ ಆಧಾರ್ ಆದರೂ ಸಾಕು, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತದೆ, ಕೊಡುವವರಿಗೂ ಹೆದರಿಕೆಯಿಲ್ಲ. ಬಂದವರ ಮುಖಕ್ಕೂ ಅದಕ್ಕೂ ತಾಳೆ ನೋಡಿ, ರಿಜಿಸ್ಟರಿನಲ್ಲಿ ಬರೆಸಿ ಆಮೇಲೆ ಬೀಗದ ಕೈ ಕೊಡಿ. ಬೀಗದ ಕೈಯನ್ನು ಕಿಟಕಿಯ ಮೇಲೆ ಇಟ್ಟುಹೋಗುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಹೆಚ್ಚು ಜನ ಬಂದು ಗಲಾಟೆಗೆ ನಿಂತರೆ ಮೊದಲು ಪೊಲೀಸರ 112ಕ್ಕೆ ಫೋನ್, ಆಮೇಲೆ ಸಪೋರ್ಟ್.

ಆ್ಯಪಿನೊಳಗಿನ ಸಹಾಯದ ಪುಟ ಬಿಟ್ಟು ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಬೇಡಿ, ಅಲ್ಲಿ ಕಳ್ಳ ನಂಬರುಗಳೇ ಮೇಲೆ ಬರುವುದುಂಟು. ಅಡ್ವಾನ್ಸ್ ಕಳಿಸುತ್ತೇವೆ, ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಅಂದರೆ ಅಲ್ಲೇ ಮಾತು ನಿಲ್ಲಿಸಿ. ಯುಪಿಐನಲ್ಲಿ ದುಡ್ಡು ಬರಲು ಪಿನ್ ಬೇಕಾಗಿಲ್ಲ. ದುಡ್ಡು ಹೋಗೇಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್.

ಸಪೋರ್ಟ್‌ನವರು ಆಮೇಲೂ ಅದೇ ಉತ್ತರ ಅಂಟಿಸಿದರೆ ಆ್ಯಪಿನ ವೆಬ್‌ಸೈಟಿನಲ್ಲಿ ಕುಂದುಕೊರತೆ ಅಧಿಕಾರಿಯ ವಿಳಾಸ ನೋಡಿ. 2020ರ ಇ-ಕಾಮರ್ಸ್ ನಿಯಮದಲ್ಲಿ ಅಂಥ ಅಧಿಕಾರಿ ಇರಲೇಬೇಕು, ದೂರು ಬಂದಿದೆ ಅಂತ 48 ಗಂಟೆಯಲ್ಲಿ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಆ ನಿಯಮ ಗ್ರಾಹಕರಿಗಾಗಿ ಬರೆದದ್ದು, ನಮ್ಮಂಥ ಮನೆಯವರಿಗಲ್ಲ ಅಂತ ಅವರು ವಾದಿಸಬಹುದು. ಆದರೂ ಕಳಿಸಿ. ನಾನು ದಂಡದ ವಿಷಯ ಅಲ್ಲಿಗೆ ಬರೆದ ಮೇಲೆಯೇ ಮೊದಲ ಸಲ ಪೂರ್ತಿ ಓದಿದ ಮನುಷ್ಯರಿಂದ ಉತ್ತರ ಬಂತು. ದಂಡ ಮಾತ್ರ ವಾಪಸ್ ಬರಲಿಲ್ಲ.

ನೀವೂ ಅವನ ಜೊತೆ ಫೋನಿನಲ್ಲಿ ಮಾತಾಡಿಬಿಟ್ಟಿದ್ದೀರಿ, ಆದರೆ ಇನ್ನೂ ಬಟನ್ ಒತ್ತಿಲ್ಲ. ‘ನಿನ್ನೆ ಫೋನಿನಲ್ಲಿ ನೀವು ಹೇಳಿದ್ದು ಹೀಗೆ, ಸರಿಯಾ’ ಅಂತ ಆ್ಯಪಿನಲ್ಲೇ ಈಗಲೇ ಕೇಳಿ. ಅವನು ಏನು ಬರೆದ ಅಂತ ಕೆಳಗೆ ಹಾಕಿ. ಸಪೋರ್ಟ್‌ಗೆ ಕಳಿಸುವ ಕಾಗದ ನಾನು ಬರೆದುಕೊಡುತ್ತೇನೆ, ಶನಿವಾರಕ್ಕೆ ಇನ್ನೂ ಮೂರು ದಿನ ಇದೆ.