ಕೊಡಗಿನ ತೋಟದಲ್ಲಿ ಯಾರಿಗಾದರೂ ಪೆಟ್ಟಾದರೆ 108ಕ್ಕೆ ಮಾಡಬೇಕಾ, 112ಕ್ಕಾ? ಏನು ಹೇಳಬೇಕು?

ಆಂಬುಲೆನ್ಸ್ ಮಾತ್ರ ಬೇಕಿದ್ದರೆ 108. ಪೊಲೀಸರೋ ಅಗ್ನಿಶಾಮಕದವರೋ ಬೇಕಿದ್ದರೆ, ಅಥವಾ ಯಾರು ಬೇಕೆಂದೇ ಗೊತ್ತಾಗದಿದ್ದರೆ 112. ಎರಡೂ ಉಚಿತ. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ 112 ಒತ್ತಿ ನೋಡಿ. ಬೇರೆ ಕಂಪನಿಯ ಟವರ್ ಸಿಕ್ಕಿದರೆ ಕರೆ ಹೋಗಬಹುದು.

ಮೊದಲು ಜಾಗ ಹೇಳಿ. ನಡುವೆ ಕರೆ ಕಟ್ಟಾದರೂ ಎಲ್ಲಿಗೆ ಬರಬೇಕು ಅಂತ ಅವರಿಗೆ ಗೊತ್ತಿರುತ್ತದೆ. ನಮ್ಮಲ್ಲಿ ಜಾಸ್ತಿ ಎಡವಟ್ಟಾಗುವುದೂ ಇಲ್ಲೇ. ಫೋನ್ ತೆಗೆದವರು ಕೊಡಗನ್ನೇ ನೋಡಿರಲಿಕ್ಕಿಲ್ಲ, ಅಲ್ವಾ? ತೋಟದ ಮಾಲೀಕರ ಮನೆತನದ ಹೆಸರು ಹೇಳಿದರೆ ಅವರಿಗೆ ಏನೂ ಹೊಳೆಯುವುದಿಲ್ಲ. "ವಿರಾಜಪೇಟೆ ತಾಲ್ಲೂಕು, ಅಮ್ಮತ್ತಿ, ಸಿದ್ದಾಪುರ ರಸ್ತೆ, ಎಡಗಡೆ ಹಸಿರು ಗೇಟು, ಒಳಗೆ ಅರ್ಧ ಕಿಲೋಮೀಟರ್ ಮಣ್ಣು ರಸ್ತೆ" ಅನ್ನಿ. ಲೈನ್ ಮನೆಯಲ್ಲಿರುವ ಕೆಲಸಗಾರರಿಗೆ, ಅದರಲ್ಲೂ ಹೊರ ರಾಜ್ಯದವರಿಗೆ, ಈ ವಿಳಾಸ ಗೊತ್ತಿರುವುದಿಲ್ಲ. ದಯವಿಟ್ಟು ಗೋಡೆ ಮೇಲೆ ದೊಡ್ಡದಾಗಿ ಬರೆದು ಅಂಟಿಸಿ.

ಆಮೇಲೆ ಏನಾಯಿತು ಅನ್ನುವುದು: "ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದಿದ್ದಾರೆ, ಎಚ್ಚರ ಇದೆ, ಕಾಲು ಅಲ್ಲಾಡಿಸಲು ಆಗುತ್ತಿಲ್ಲ." ಇಂಥವರನ್ನು ಸುಮ್ನೆ ಎತ್ತಿ ಜೀಪಿಗೆ ಹಾಕಬೇಡಿ, ಬೆನ್ನುಮೂಳೆಗೆ ಪೆಟ್ಟಾಗಿರಬಹುದು. ಏನು ಮಾಡಬೇಕೆಂದು ಫೋನ್‌ನಲ್ಲೇ ಕೇಳಿ.

ಅವರು ಪ್ರಶ್ನೆ ಕೇಳಿದಾಗ "ಮೊದಲು ಗಾಡಿ ಕಳಿಸ್ರೀ" ಎಂದು ರೇಗಬೇಡಿ. ಎಂಥ ನೆರವು ಬೇಕೆಂದು ತೀರ್ಮಾನಿಸಲು ಆ ಉತ್ತರಗಳು ಬೇಕು. ಅವರು ಹೇಳುವ ತನಕ ಕರೆ ಕಟ್ ಮಾಡಬೇಡಿ. ಆಮೇಲೂ ಆ ಫೋನ್ ಖಾಲಿ ಇರಲಿ, ಡ್ರೈವರ್ ದಾರಿ ಕೇಳುವುದು ಅದಕ್ಕೇ. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಮುಚ್ಚಿದ್ದರೆ ಬೇರೆ ದಾರಿಯನ್ನೂ ತಿಳಿಸಿ. ಒಬ್ಬರನ್ನು ಟಾರ್ಚ್ ಕೊಟ್ಟು ಗೇಟಿನ ಹತ್ತಿರ ನಿಲ್ಲಿಸಿ.