2023ರ 350 ಸಿಸಿ ಬೈಕಿಗೆ 1,75,000 ರೂಪಾಯಿ ಸರಿಯೇ?

ಪೊನ್ನಂಪೇಟೆಯಿಂದ ಕೇಳಿರುವ ಸದಸ್ಯರೇ, ನಿಮ್ಮ ಲೆಕ್ಕ ನೋಡಿ ಸುಮ್ಮನಿರಲಾಗಲಿಲ್ಲ. 2023ರಲ್ಲಿ ಆ ರಾಯಲ್ ಎನ್‌ಫೀಲ್ಡ್ ಬೈಕಿನ ಆನ್‌ರೋಡ್ ಬೆಲೆ, ಅಂದರೆ ರಸ್ತೆ ತೆರಿಗೆ, ವಿಮೆ, ನೋಂದಣಿ ಎಲ್ಲ ಸೇರಿದ ಬೆಲೆ, ಎರಡೂವರೆ ಲಕ್ಷವಿತ್ತು, ಈಗ ಮೈಸೂರಿನ ಡೀಲರ್ 1,75,000ಕ್ಕೆ ಕೊಡುತ್ತಿದ್ದಾರೆ, ಹಾಗಾಗಿ 75,000 ಉಳಿಯಿತು ಎಂದು ಬರೆದಿದ್ದೀರಿ. ನಮ್ಮ ಮನೆಯಲ್ಲೂ ಒಮ್ಮೆ ಹೀಗೆಯೇ ಹಿಂದಿನ ಮಾಲೀಕರ ಬಿಲ್ಲನ್ನು ನಂಬಿ ಹಣ ಕೊಟ್ಟದ್ದುಂಟು.

ಹಳೆಯ ಬೈಕಿನ ಬೆಲೆಯನ್ನು ಇಂದಿನ ಹೊಸ ಬೈಕಿನ ಬೆಲೆಯಿಂದ ಇಳಿಸುತ್ತ ಬರಬೇಕೇ ಹೊರತು ಅಂದಿನ ಬಿಲ್ಲಿನಿಂದಲ್ಲ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಎಕ್ಸ್‌ಶೋರೂಂ ಬೆಲೆ (ರಸ್ತೆ ತೆರಿಗೆ, ವಿಮೆ, ನೋಂದಣಿ ಸೇರದ ಬೆಲೆ) ಎರಡು ಲಕ್ಷವಿದ್ದ ಬೈಕು, ಕಂಪನಿ ತನ್ನ ಮೂಲ ಬೆಲೆಯನ್ನು ಏರಿಸದಿದ್ದರೆ, 1,84,375ಕ್ಕೆ ಸಿಗಬೇಕು. ನಮ್ಮ ರಾಜ್ಯದಲ್ಲಿ ಒಂದು ಲಕ್ಷ ಮೀರಿದ ಬೈಕಿಗೆ ಶೇ 18 ಲೈಫ್‌ಟೈಮ್ ಟ್ಯಾಕ್ಸ್ (ಒಮ್ಮೆಗೇ ಕಟ್ಟುವ ರಸ್ತೆ ತೆರಿಗೆ) ಇರುವುದರಿಂದ ಅದರಲ್ಲೂ ಸುಮಾರು 2,800 ರೂಪಾಯಿ ಕಡಿಮೆಯಾಗುತ್ತದೆ. ಈ ಇಳಿಕೆಯನ್ನು ಹಳೆಯ ಬೈಕು ಮಾರುವವರು ತಾವಾಗಿ ಹೇಳುವುದಿಲ್ಲ, ನೀವೇ ಕೇಳಬೇಕು.

ಮುಂದಿನ ಹೆಜ್ಜೆಗೆ ನಾನು ವಿಮೆಯ ಐಡಿವಿ ಪಟ್ಟಿಯನ್ನೇ, ಅಂದರೆ ಗಾಡಿಯ ವಯಸ್ಸಿಗೆ ತಕ್ಕಂತೆ ವಿಮೆಗೆ ಅದರ ಬೆಲೆ ಕಟ್ಟುವ ಪಟ್ಟಿಯನ್ನೇ, ಹಿಡಿಯುತ್ತೇನೆ. ಎರಡು ವರ್ಷ ದಾಟಿ ಮೂರು ತುಂಬದ ಬೈಕಿಗೆ ಶೇ 30, ಮೂರು ದಾಟಿ ನಾಲ್ಕು ತುಂಬದ ಬೈಕಿಗೆ ಶೇ 40 ಸವಕಳಿ. ಮೇಲಿನ ಬೆಲೆಗೆ ಅನ್ವಯಿಸಿದರೆ ಮೊದಲನೆಯದು ಸುಮಾರು 1,29,000, ಎರಡನೆಯದು 1,10,600 ಆಗುತ್ತದೆ. ಕಟ್ಟಿದ ಟ್ಯಾಕ್ಸ್‌ನಲ್ಲಿ ಉಳಿದ ವರ್ಷಗಳ ಪಾಲು, ಡೀಲರಿನ ಲಾಭ, ರಾಯಲ್ ಎನ್‌ಫೀಲ್ಡ್‌ಗೆ ಇರುವ ಬೇಡಿಕೆ ಎಲ್ಲವನ್ನೂ ಉದಾರವಾಗಿ ಸೇರಿಸಿದರೂ 1,75,000 ನನಗೆ ಒಪ್ಪಿಗೆಯಾಗುವುದಿಲ್ಲ. ಅಷ್ಟು ಕೊಡುವ ಮನಸ್ಸಿದ್ದರೆ ಇನ್ನಷ್ಟು ಸೇರಿಸಿ ಹೊಸದನ್ನೇ ತೆಗೆದುಕೊಳ್ಳಿ. ಆದರೆ ಈ ಲೆಕ್ಕ 350 ಸಿಸಿ ಮೀರಿದ ಬೈಕುಗಳಿಗೆ ತಿರುಗುಮುರುಗಾಗುತ್ತದೆ. ಅಲ್ಲಿ ತೆರಿಗೆ ಸೆಸ್ ಸೇರಿ ಶೇ 31 ಇದ್ದದ್ದು ಶೇ 40ಕ್ಕೆ ಏರಿರುವುದರಿಂದ, 2024ರ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450ಕ್ಕೆ ಸ್ವಲ್ಪ ಹೆಚ್ಚು ಕೇಳಿದರೆ ಡೀಲರನ್ನು ದೂರುವಂತಿಲ್ಲ.

ಹೊಸದರ ಕೊಟೇಷನ್ನನ್ನು ಬಾಯಿಮಾತಿನಲ್ಲಿ ಕೇಳಬೇಡಿ, ಎಕ್ಸ್‌ಶೋರೂಂ, ಟ್ಯಾಕ್ಸ್, ವಿಮೆ, ನೋಂದಣಿ ಬೇರೆಬೇರೆಯಾಗಿ ಬರೆಸಿಕೊಳ್ಳಿ. ಹ್ಯಾಂಡ್ಲಿಂಗ್ ಚಾರ್ಜ್ ಎಂಬ ಸಾಲು ಇದ್ದರೆ ಯಾವ ಕೆಲಸಕ್ಕೆ ಎಂದು ಕೇಳಿ. ಉತ್ತರ ಬಾರದಿದ್ದರೆ ಕೊಡಬೇಡಿ. ವಿಮೆಯನ್ನು ಅವರಲ್ಲೇ ಮಾಡಿಸಬೇಕೆಂಬ ನಿಯಮವೂ ಇಲ್ಲ. ಇಷ್ಟಾಗಿಯೂ ಸೀಟ್ ಕವರಿಗೆ, ಕ್ರ್ಯಾಶ್ ಗಾರ್ಡಿಗೆ ತಲೆಯಾಡಿಸಿ ಬರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಹಳೆಯದನ್ನೇ ನೋಡುವುದಾದರೆ, ಅದು ಯಾವ ಊರಿನಲ್ಲಿ ಓಡಿದೆ ಎಂಬುದಕ್ಕೂ ಬೆಲೆ ಇದೆ. ಕೆಎ 12, ಅಂದರೆ ಕೊಡಗಿನ ನೋಂದಣಿಯ ಗಾಡಿ ನಮ್ಮ ಮಳೆಗಾಲಗಳನ್ನು ಕಂಡಿರುತ್ತದೆ, ತೋಟದ ಕೆಸರಿನಲ್ಲಿ ನಿಂತಿರುತ್ತದೆ. ಮೇಲಿನ ಪಾಲಿಶ್ ಬಿಟ್ಟು ಸೆಂಟರ್ ಸ್ಟ್ಯಾಂಡ್ ಕೂರುವ ಜಾಗ, ಸ್ವಿಂಗ್ ಆರ್ಮ್, ಸ್ಪೋಕ್‌ಗಳ ಬುಡ, ಸೈಲೆನ್ಸರಿನ ಕೆಳಭಾಗವನ್ನು ಟಾರ್ಚ್ ಹಿಡಿದು ನೋಡಿ. ಸಂಪಾಜೆ ಘಾಟಿ ಇಳಿದು ಹತ್ತಿದ ಗಾಡಿಯಾದರೆ ಬ್ರೇಕ್ ಡಿಸ್ಕ್ ಅಂಚಿನಲ್ಲಿ ಎಷ್ಟು ಸವೆದಿದೆ ಎಂದು ಬೆರಳಿಟ್ಟು ನೋಡಿ. ಪ್ರವಾಸಿಗರಿಗೆ ಬಾಡಿಗೆಗೆ ಓಡಿದ ಬೈಕನ್ನಂತೂ ನಾನು ಅರ್ಧ ಬೆಲೆಗೂ ಮುಟ್ಟುವುದಿಲ್ಲ. ಹೋಂಡಾ ಸಿಬಿ 350ರ ಎಂಜಿನ್ ನನಗೆ ಹೆಚ್ಚು ಇಷ್ಟ, ಆದರೆ ಅದು ಹೋಂಡಾದ ದೊಡ್ಡ ಬೈಕುಗಳಿಗೇ ಇರುವ ಬಿಗ್‌ವಿಂಗ್ ಮಳಿಗೆಗಳ ಗಾಡಿ. ಸರ್ವಿಸ್ ನಿಮಗೆ ಎಷ್ಟು ದೂರ ಎಂದು ಮೊದಲು ನೋಡಿಕೊಳ್ಳಿ.

ಗಡಿಯ ಮಾಕುಟ್ಟದಾಚೆ ಅಗ್ಗಕ್ಕೆ ಸಿಗುತ್ತದೆಂದು ಕೇರಳದ ಗಾಡಿಗೆ ಹೋಗಬೇಡಿ. ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದು ಇಲ್ಲಿ ಮತ್ತೆ ಟ್ಯಾಕ್ಸ್ ಕಟ್ಟುವಷ್ಟರಲ್ಲಿ ಉಳಿತಾಯ ಕರಗುತ್ತದೆ. ಮುಂಗಡ ಕೊಡುವ ಮೊದಲು ಆರ್‌ಸಿಯಲ್ಲಿ ಸಾಲದ ನಮೂದು ಇದೆಯೇ ನೋಡಿ. ಇದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಆ ನಮೂದನ್ನು ತೆಗೆಸುವ ಫಾರಂ 35 ಕೈಗೆ ಬಂದ ಮೇಲೆಯೇ ಪೂರ್ತಿ ಹಣ ಕೊಡಿ, ಗಾಡಿಯನ್ನು ನಿಮ್ಮ ಹೆಸರಿಗೆ ವರ್ಗಾಯಿಸುವ ಫಾರಂ 29 ಮತ್ತು 30ಕ್ಕೆ ಮಾರುವವರ ಸಹಿಯನ್ನು ಅಲ್ಲೇ ಹಾಕಿಸಿಕೊಳ್ಳಿ.