ಎರಡು ಕೊಡ ನೀರು, 35 ಮಕ್ಕಳು

ಪ್ರಶ್ನೆ: ಮೇಡಂ, ನಮ್ಮದು ಔರಾದ ತಾಲ್ಲೂಕಿನ ಒಂದು ಹಳ್ಳಿ. ಮೇ ತಿಂಗಳಲ್ಲಿ ಶಾಲೆಯ ಅಂಗಳದಲ್ಲಿ ಹತ್ತು ದಿನ ಬೇಸಿಗೆ ಶಿಬಿರ ಇಟ್ಟುಕೊಂಡಿದ್ದೇವೆ. 35 ಮಕ್ಕಳು, 8ರಿಂದ 13 ವರ್ಷದವರು. ಬೆಳಿಗ್ಗೆ ಬಂದು ಊಟದ ಹೊತ್ತಿಗೆ ಮನೆಗೆ ಹೋಗುತ್ತಾರೆ. ಅವರ ಕೈಯಿಂದ ನೀರಿನ ಪ್ರಯೋಗ ಮಾಡಿಸಬೇಕೆಂದು ನನಗೆ ಬಹಳ ಆಸೆ. ಆದರೆ ಊರಿಗೆ ಟ್ಯಾಂಕರ್ ಬರುವುದೇ ಎರಡು ದಿನಕ್ಕೊಮ್ಮೆ. ಮಕ್ಕಳು ನೀರಿನಲ್ಲಿ ಆಡಿದರೆ ಊರವರು ಸುಮ್ಮನಿರುವುದಿಲ್ಲ. ಏನು ಮಾಡಲಿ?

ಉತ್ತರ: ತಂಗಿ, ಊರವರ ಮಾತು ನ್ಯಾಯವಾದದ್ದೇ. ಕೊಡ ಹಿಡಿದು ಸಾಲಿನಲ್ಲಿ ನಿಂತವರ ಕಣ್ಣೆದುರು ನೀರು ಚೆಲ್ಲಬಾರದು. ದಿನಕ್ಕೆ ಎರಡು ಕೊಡ ಕೇಳಿಕೊಳ್ಳಿ, ಅಷ್ಟು ಸಾಕು. ಎಷ್ಟು ತೆಗೆದೆವು, ಎಷ್ಟು ಉಳಿಯಿತು ಅನ್ನುವ ಲೆಕ್ಕವನ್ನು ಮಕ್ಕಳೇ ಗೋಡೆಯ ಮೇಲೆ ಸುಣ್ಣದಕಡ್ಡಿಯಲ್ಲಿ ಬರೆಯಲಿ. ಕೊನೆಗೆ ಉಳಿದ ಕೆಸರು ನೀರು ಗಿಡದ ಬುಡಕ್ಕೆ.

ನಾನು ಬೀದರ್‌ನಲ್ಲಿ ಮೂವತ್ತು ವರ್ಷ ವಿಜ್ಞಾನ ಪಾಠ ಹೇಳಿದವಳು. ಈಗ ಬೇಸಿಗೆ ಬಂತೆಂದರೆ ಓಣಿಯ ಮಕ್ಕಳನ್ನು ಕೂಡಿಸಿಕೊಳ್ಳುತ್ತೇನೆ. ನಮ್ಮ ಮಕ್ಕಳಿಗೆ ಒಂದೇ ಪ್ರಯೋಗ ಮಾಡಿಸಲು ಬಿಟ್ಟರೆ ನಾನು ಆರಿಸುವುದು ಸುರಂಗ ಬಾವಿಯನ್ನು. ಬೀದರ್ ಪಕ್ಕದ ನೌಬಾದಿನಲ್ಲಿ ಬಹಮನಿಗಳ ಕಾಲದ ಕರೇಜ್ ಇದೆ, 15ನೇ ಶತಮಾನದ್ದು. ನೆಲದೊಳಗೆ ಎರಡು ಕಿಲೋಮೀಟರಿಗೂ ಹೆಚ್ಚು ಉದ್ದದ ಸುರಂಗ, ಮೇಲಿನಿಂದ ಅದಕ್ಕೆ ಅಲ್ಲಲ್ಲಿ ಬಾವಿಯಂತೆ ಇಳಿಬಿಟ್ಟ ಗುಂಡಿಗಳು. ಪರ್ಷಿಯಾ ಕಡೆಯ ವಿದ್ಯೆ, ನಮ್ಮ ಕೆಂಪು ಕಲ್ಲಿಗೆ ಚೆನ್ನಾಗಿ ಒಗ್ಗಿತು. ಬೀದರ್ ಊರು ಕೂತಿರುವುದು ತೂತು ತೂತಾದ ಜಂಬಿಟ್ಟಿಗೆಯ ಮೇಲೆ. ಮಳೆ ನೀರು ಅದರಲ್ಲಿ ಇಳಿಯುತ್ತದೆ. ಕೆಳಗಿನ ಕರಿ ಕಲ್ಲು ಅದನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ. ಆಗ ನೀರು ಎರಡರ ನಡುವಿನ ಸಂದಿನಲ್ಲಿ ಓರೆಯಾಗಿ ಹರಿಯುತ್ತದೆ. ಝರಾ ಎಂದು ನಾವು ಕೈಮುಗಿಯುವ ಜಾಗಗಳಲ್ಲಿ ಹೊರಬರುವುದು ಈ ನೀರೇ. ಇದನ್ನು ಒಂದು ಟಬ್ಬಿನಲ್ಲಿ ಮಾಡಬಹುದು: ಕರಿ ಕಲ್ಲಿನ ಬದಲು ಕಪ್ಪು ಎರಿ ಮಣ್ಣು, ಜಂಬಿಟ್ಟಿಗೆಯ ಬದಲು ಗರಸು ಮಣ್ಣಾದ ಮುರುಂ, ಸುರಂಗದ ಬದಲು ಪಪ್ಪಾಯಿ ದಂಟು.

ಹಳೆಯ ಪ್ಲಾಸ್ಟಿಕ್ ಟಬ್ ತೆಗೆದುಕೊಂಡು, ಪಕ್ಕಕ್ಕೆ ತಳದಿಂದ ನಾಲ್ಕು ಬೆರಳು ಮೇಲೆ ಒಂದು ತೂತು ಮಾಡಿ. ಇದು ದೊಡ್ಡವರ ಕೆಲಸ. ಹೊಲದ ಎರಿ ಮಣ್ಣನ್ನು ರೊಟ್ಟಿ ಹಿಟ್ಟಿನ ಹದಕ್ಕೆ ನಾದಿ, ತೂತಿನ ಮಟ್ಟಕ್ಕೆ ಬಡಿದು ಕೂಡಿಸಿ. ತೂತಿನ ಕಡೆಗೆ ತುಸು ಇಳಿಜಾರಿರಲಿ. ಅದರ ಮೇಲೆ ಪಪ್ಪಾಯಿ ಎಲೆಯ ದಂಟು. ಒಳಗೆ ಪೊಳ್ಳಾಗಿರುವ ಇಂಥ ಕೊಳವೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ! ದಬ್ಬಣದಿಂದ ಮೇಲ್ಗಡೆ ಸಾಲಾಗಿ ತೂತು ಚುಚ್ಚಿ ಮಲಗಿಸಿ. ಒಳಗಿನ ತುದಿಯನ್ನು ಮಣ್ಣಿನಿಂದ ಮುಚ್ಚಿ, ಇನ್ನೊಂದು ತುದಿಯನ್ನು ಟಬ್ಬಿನಿಂದ ಹೊರಗೆ ಬಿಟ್ಟು ಸುತ್ತ ಮೆತ್ತಿ. ದಂಟಿಗೆ ಹಳೆ ಸೀರೆಯ ತುಂಡು ಹೊದಿಸಿ. ಆಮೇಲೆ ಗೇಣೆತ್ತರ ಕೆಂಪು ಮುರುಂ. ನಿಮ್ಮಲ್ಲಿ ಎಲ್ಲ ಎರಿ ಭೂಮಿಯೇ ಆದರೆ ಬೀದರ್ ಕಡೆಯಿಂದ ಬರುವವರ ಕೈಯಲ್ಲಿ ಒಂದು ಚೀಲ ತರಿಸಿ.

ಈಗ ತಳಕ್ಕೆ ತೂತು ಹೊಡೆದ ಡಬ್ಬಿಯಿಂದ ಮಳೆ ಸುರಿಸಿ, ಲೀಟರ್ ಲೆಕ್ಕದಲ್ಲಿ. ಹೋದ ವರ್ಷ ನಮ್ಮ ಅಂಗಳದಲ್ಲಿ ಎರಡು ಲೀಟರ್ ಹಾಕಿದರೂ ಒಂದು ಹನಿ ಬರಲಿಲ್ಲ. "ನೀರು ಎಲ್ಲಿ ಹೋತ್ರೀ ಟೀಚರ್?" ಅಂತ ಒಂದೇ ಗಲಾಟೆ. ನಾನು ಉತ್ತರ ಹೇಳಲಿಲ್ಲ, ನೀವೂ ಹೇಳಬೇಡಿ. ಎಂಟು ವರ್ಷದ ಒಬ್ಬಳು ನೆಲಕ್ಕೆ ಬೋರಲು ಮಲಗಿ ದಂಟಿನ ಬಾಯಿಯನ್ನೇ ನೋಡುತ್ತಿದ್ದಳು. ಮೂರನೇ ಲೀಟರ್ ಅರ್ಧ ಮುಗಿದಾಗ ದಂಟಿನ ತುದಿ ಮೊದಲು ಒದ್ದೆಯಾಗಿ ಹೊಳೆಯಿತು. ಆಮೇಲೆ ಕಡಲೆಕಾಳಿನಷ್ಟು ಒಂದು ಕೆಂಪು ಹನಿ ಕಟ್ಟಿತು, ಜೋತು ಬಿತ್ತು, ನಡುಗಿತು, ಉದುರಿತು. "ಬಂತ್ರೀ!" ಅಂತ ಆಕೆ ಕೂಗಿದ್ದು ಮೂರು ಮನೆ ಆಚೆ ಕೇಳಿಸಿತು. ಮಳೆ ನಿಲ್ಲಿಸಿದ ಮೇಲೂ ತಾಸುಗಟ್ಟಲೆ ತೊಟ್ಟಿಕ್ಕುತ್ತಲೇ ಇತ್ತು. ಒಣ ಮಣ್ಣು ಮೊದಲು ತನ್ನ ಪಾಲು ಕುಡಿಯುತ್ತದೆ, ಮಿಕ್ಕಿದ್ದನ್ನು ಮಾತ್ರ ಕೆಳಗೆ ಬಿಡುತ್ತದೆ. ಮೊದಲ ಮಳೆಗೇ ಬಾವಿಗೆ ನೀರು ಯಾಕೆ ಬರುವುದಿಲ್ಲ ಎಂಬುದನ್ನು ಅಂದು ಹುಡುಗರೇ ನನಗೆ ಹೇಳಿದರು.

ಒಂದು ಎಚ್ಚರಿಕೆ. ಮೊದಲ ವರ್ಷ ನಾನು ಮುರುಂ ಇರಬೇಕಾದ ಕಡೆಗೂ ಎರಿ ಮಣ್ಣನ್ನೇ ತುಂಬಿದ್ದೆ. ಅದು ನೀರು ಕುಡಿದು ಉಬ್ಬಿತು, ಸಂದುಗಳೆಲ್ಲ ಮುಚ್ಚಿದವು, ನೀರು ಮೇಲೆಯೇ ನಿಂತಿತು. ಮಧ್ಯಾಹ್ನದವರೆಗೆ ಕಾದ ಮಕ್ಕಳು ಬೇಸರದಿಂದ ಮನೆಗೆ ಹೋದರು. ಆ ಬೇಸರ ನನಗೆ ಬಹಳ ದಿನ ಕಾಡಿತು. ಈಗ ಎರಡೂ ಬಗೆಯ ಟಬ್ ಮಾಡಿಸಿ ಪಕ್ಕಪಕ್ಕ ಇಡಿಸುತ್ತೇನೆ.

ನೌಬಾದಿಗೆ ಕರೆದೊಯ್ದರೆ ಗುಂಡಿಗಳ ಅಂಚಿಗೆ ಮಕ್ಕಳನ್ನು ಬಿಡಬೇಡಿ, ಒಳಗೆ ಇಳಿಸುವ ಮಾತಂತೂ ಬೇಡ.

ಇನ್ನೊಂದು ದಿನಕ್ಕೆ ರಂಜಣಗಿಯ ಪ್ರಯೋಗ, ಅಂದರೆ ಮಣ್ಣಿನ ಗಡಿಗೆಯಲ್ಲಿ ನೀರು ಯಾಕೆ ತಣ್ಣಗಾಗುತ್ತದೆ ಎಂಬುದು. ಒಂದೇ ಅಳತೆಯ ಎರಡು ಬಾಟಲಿ ನೀರು, ಒಂದಕ್ಕೆ ಒದ್ದೆ ಬಟ್ಟೆ, ಇನ್ನೊಂದಕ್ಕೆ ಒಣ ಬಟ್ಟೆ. ಗಾಳಿ ಆಡುವ ನೆರಳಿನಲ್ಲಿಟ್ಟು ಅರ್ಧ ತಾಸಿಗೊಮ್ಮೆ ಥರ್ಮಾಮೀಟರ್ ನೋಡಲಿ. ಜ್ವರ ನೋಡುವುದು ಬೇಡ, ಪ್ರಯೋಗಶಾಲೆಯದ್ದು ಬೇಕು. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,400 ಜೂಲ್ ಶಾಖ ಬೇಕು, ಅದರಲ್ಲಿ ಬಹುಪಾಲನ್ನು ಬಾಟಲಿಯಿಂದ ಎಳೆದುಕೊಳ್ಳುತ್ತದೆ. ನಮ್ಮ ಒಣ ಗಾಳಿಯಲ್ಲಿ ಇದು ಎದ್ದು ಕಾಣುತ್ತದೆ. ಮಂಗಳೂರಿನ ಸೆಕೆಯಲ್ಲಿ ಇಷ್ಟು ಚೆನ್ನಾಗಿ ಬರುವುದಿಲ್ಲ.

ಪ್ರಶ್ನೆ: ಶಿಬಿರದಲ್ಲಿ ಕೆಸರು ನೀರಿಗೆ ಪಟಿಕ ಆಡಿಸಿ ತಿಳಿ ಮಾಡುವುದನ್ನು ಕಲಿತು ಬಂದ ನನ್ನ ಮಗ ಅದನ್ನು ಕುಡಿಯಲು ಹೊರಟಿದ್ದ. ತಡೆದೆ. ತಡೆದದ್ದು ಸರಿಯೇ? — ಹುಮನಾಬಾದಿನ ಒಬ್ಬ ತಂದೆ

ಉತ್ತರ: ಸರಿಯಾಗಿಯೇ ಮಾಡಿದಿರಿ. ಹಾಗೆಂದು ಹುಡುಗನನ್ನು ಬೈಯಬೇಡಿ, ಅವನ ಪ್ರಯೋಗ ಚೆನ್ನಾಗಿದೆ. ಮಣ್ಣಿನ ಸಣ್ಣ ಕಣಗಳ ಮೇಲೆ ಋಣ ವಿದ್ಯುತ್ ಇರುವುದರಿಂದ ಒಂದನ್ನೊಂದು ದೂಡುತ್ತ ತೇಲುತ್ತಿರುತ್ತವೆ. ಪಟಿಕದ ಅಲ್ಯೂಮಿನಿಯಂ ಆ ದೂಡಾಟವನ್ನು ನಿಲ್ಲಿಸುತ್ತದೆ. ಕಣಗಳು ಗಂಟುಗಟ್ಟಿ ತಳ ಸೇರುತ್ತವೆ. ಅವುಗಳ ಜೊತೆ ರೋಗಾಣುಗಳೂ ಒಂದಿಷ್ಟು ಹೋಗುತ್ತವೆ, ಎಲ್ಲವೂ ಹೋಗುವುದಿಲ್ಲ. ಅದಕ್ಕೆ ಕುದಿಸಬೇಕು. ಫ್ಲೋರೈಡ್ ಇರುವ ಬೋರ್‌ವೆಲ್ ನೀರಾದರೆ ಕುದಿಸಿದರೂ ಅದು ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಅದರ ಪ್ರಮಾಣ ಹೆಚ್ಚೇ ಆಗುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಮಕ್ಕಳಿಗೆ ಕೊಡಬಾರದು. ಹಲ್ಲಿನ ಮೇಲೆ ಕಂದು ಕಲೆ ಕಂಡರೆ ನೀರಿನ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಟೀಚರ್, ನೀರಿನ ಹನಿ ಯಾಕೆ ದುಂಡಗೆ ಇರ್ತದ? — ಐದನೇ ಇಯತ್ತೆಯ ಹುಡುಗಿ, ಭಾಲ್ಕಿ

ಉತ್ತರ: ನೋಡವ್ವ, ನೀರಿನ ಕಣಗಳು ಒಂದನ್ನೊಂದು ಎಳೆಯುತ್ತವೆ. ಅಂಚಿನಲ್ಲಿರುವ ಕಣಗಳಿಗೆ ಹೊರಗಿನಿಂದ ಎಳೆಯುವವರು ಇಲ್ಲ, ಹಾಗಾಗಿ ಒಳಗೆ ಸರಿಯುತ್ತವೆ. ಎಲ್ಲ ಕಡೆಯಿಂದ ಒಳಗೆ ಸರಿದರೆ ಯಾವ ಆಕಾರ ಆಗುತ್ತದೆ? ಅವ್ವನ ಹತ್ತಿರ ಒಂದು ರೂಪಾಯಿ ಇಸಿದುಕೊಂಡು ಫರಸಿಯ ಮೇಲೆ ಇಡು. ಔಷಧದ ಡ್ರಾಪರ್‌ನಿಂದ ಒಂದೊಂದೇ ಹನಿ ಬಿಡು. ಬಿಡುವ ಮೊದಲು ಎಷ್ಟು ನಿಲ್ಲುತ್ತವೆ ಎಂದು ಊಹಿಸಿ ಬರೆದಿಡು. ನೀರು ಗುಬ್ಬಚ್ಚಿಯ ಹೊಟ್ಟೆಯಂತೆ ಉಬ್ಬುವುದನ್ನು ಕಣ್ಣು ನೆಲಮಟ್ಟಕ್ಕೆ ತಂದು ನೋಡು. ಆಮೇಲೆ ಸಾಬೂನು ಮುಟ್ಟಿದ ಕಡ್ಡಿಯನ್ನು ಮೆಲ್ಲಗೆ ತಾಗಿಸು. ಊಹಿಸಿದ್ದೆಷ್ಟು, ನಿಂತದ್ದೆಷ್ಟು, ಕಡ್ಡಿ ತಾಗಿದಾಗ ಏನಾಯಿತು, ಮೂರನ್ನೂ ನನಗೆ ಬರೆದು ಕಳಿಸು.